ಹೆರಿಗೆ ಕೋಣೆಯಲ್ಲಿ ಎರಡು ಒಳ್ಳೆಯ ಮಾತು



ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಬಸುರಿಯ ಊಟ ಹೇಗಿರಬೇಕು, ಬಯಕೆಗೆ ಏನೇನು ಮಾಡಿಕೊಡಬೇಕು, ಬಾಣಂತಿಗೆ ಅಂಟಿನುಂಡೆ ಹೇಗೆ ಕಟ್ಟಬೇಕು, ಕೂಸಿಗೆ ಎಣ್ಣೆ ಹೇಗೆ ಹಚ್ಚಬೇಕು – ಇವನ್ನೆಲ್ಲ ನಾವು ಎಷ್ಟು ಸಲ ಓದಿದ್ದೇವೆ, ಎಷ್ಟು ಸಲ ಒಬ್ಬರಿಗೊಬ್ಬರು ಹೇಳಿಕೊಟ್ಟಿದ್ದೇವೆ! ಆದರೆ ಬಸುರಿ ಬಾಣಂತಿಯಾಗುವ ಆ ಒಂದು ದಿನ ಇದೆ ನೋಡಿ, ಆ ದಿನ ಆಸ್ಪತ್ರೆಯ ಬಾಗಿಲೊಳಗೆ ಏನು ನಡೆಯುತ್ತದೆ, ಅಲ್ಲಿ ಆಕೆಯನ್ನು ಯಾರು ಹೇಗೆ ಮಾತಾಡಿಸುತ್ತಾರೆ ಎಂಬುದನ್ನು ಮಾತ್ರ ನಾವು ಬಾಯಿಬಿಟ್ಟು ಹೇಳುವುದಿಲ್ಲ. ‘ಮಗು ಕೈಗೆ ಬಂದ ಮೇಲೆ ಎಲ್ಲಾ ಮರೆತುಹೋಗುತ್ತೆ ಬಿಡು’ ಅಂದುಬಿಡುತ್ತೇವೆ. ನಿಜವಾಗಿ ಮರೆತುಹೋಗುತ್ತದೆಯೇ? ನೀವೇ ಹೇಳಿ.

ನನಗಂತೂ ಮರೆತಿಲ್ಲ. ನನ್ನ ತವರು ತುಮಕೂರು ಕಡೆ, ಕೊಟ್ಟ ಮನೆ ಹಾವೇರಿ ಕಡೆ. 2003ರಲ್ಲಿ ಚೊಚ್ಚಲ ಹೆರಿಗೆಗೆಂದು ತವರಿಗೆ ಹೋಗಿದ್ದೆ. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಅಮ್ಮನನ್ನು ಹೊರಗೇ ನಿಲ್ಲಿಸಿದರು. ಒಳಗೆ ಒಂದೇ ಹಾಲಿನಲ್ಲಿ ನಾವು ನಾಲ್ಕು ಜನ, ನಡುವೆ ಒಂದು ಪರದೆಯೂ ಇಲ್ಲ. ಯಾರೋ ಬಂದರು, ಒಂದು ಮಾತೂ ಆಡದೆ ಕೈಹಾಕಿ ನೋಡಿದರು, ಹೋದರು. ಏನು ನೋಡಿದರು, ಏನು ಗೊತ್ತಾಯಿತು, ಇನ್ನೆಷ್ಟು ಹೊತ್ತು – ಒಂದೂ ಹೇಳಲಿಲ್ಲ. ನೋವು ತಡೆಯಲಾರದೆ ‘ಅಮ್ಮಾ’ ಅಂದೆ. ಅದಕ್ಕೆ ಬಂದ ಉತ್ತರ ಕಾಗದದ ಮೇಲೆ ಬರೆಯುವಂಥದ್ದಲ್ಲ. ನಿಮ್ಮಲ್ಲಿ ಎಷ್ಟೋ ಜನಕ್ಕೆ ಆ ಮಾತು ಯಾವುದೆಂದು ನಾನು ಹೇಳದೆಯೇ ಗೊತ್ತಾಗಿರುತ್ತದೆ.

ಹೆರಿಗೆಯೇನೋ ಸುಸೂತ್ರವಾಗಿ ಆಯಿತು. ಮಗಳು ಹುಟ್ಟಿದಳು. ತಾಯಿ ಮಗು ಇಬ್ಬರೂ ಕ್ಷೇಮ ಅಂದಮೇಲೆ ದೂರು ಹೇಳುವುದಾದರೂ ಯಾರಿಗೆ? ಬೇನೆ ಹೇಗಿತ್ತೆಂಬುದು ಇವತ್ತು ನನಗೆ ನೆನಪಿಲ್ಲ. ಆ ಮಾತು ಮಾತ್ರ ಮೊನ್ನೆ ಮೊನ್ನೆ ಕೇಳಿದ ಹಾಗಿದೆ.

ಈಗ ಅದೇ ಮಗಳಿಗೆ ಎಂಟು ತಿಂಗಳು ತುಂಬುತ್ತಿದೆ. ಬರುವ ತಿಂಗಳು ಅವಳೂ ಅಂಥದೇ ಒಂದು ಬಾಗಿಲು ದಾಟಬೇಕು. ಹಾಗಾಗಿ ಈ ವಿಷಯ ನನಗೆ ಬರೀ ಓದಿ ಮಡಿಸಿಡುವ ಸುದ್ದಿಯಲ್ಲ.

ನಮ್ಮ ಅಜ್ಜಿಯರ ಕಾಲದಲ್ಲಿ ಈ ತೊಂದರೆ ಬೇರೆ ರೀತಿ ಇತ್ತು. ಮನೆಯಲ್ಲೇ ಹೆರಿಗೆ, ಸೂಲಗಿತ್ತಿಯೇ ಡಾಕ್ಟರು. ನಮ್ಮ ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರು ನೀವು ಕೇಳಿರುತ್ತೀರಿ. ಒಂದು ಕಾಸು ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಮಹಾತಾಯಿ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥವರ ಕೈಗುಣ, ಬಾಯಿಗುಣ ಎರಡೂ ದೊಡ್ಡವು. ಆದರೆ ರಕ್ತ ನಿಲ್ಲದೆ ಹೋದಾಗ, ಕೂಸು ಅಡ್ಡ ತಿರುಗಿದಾಗ, ಹತ್ತಿರದಲ್ಲಿ ಆಸ್ಪತ್ರೆಯಿಲ್ಲದೆ ಜೀವ ಕಳೆದುಕೊಂಡ ಹೆಣ್ಣುಮಕ್ಕಳು ಎಷ್ಟು ಜನ! ಹಾಗಾಗಿ ಹೆರಿಗೆ ಆಸ್ಪತ್ರೆಗೆ ಬಂದದ್ದು ಒಳ್ಳೆಯದೇ ಆಯಿತು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಶುರುವಾಯಿತು. 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ನೂರು ಹೆರಿಗೆಗಳಲ್ಲಿ ಸುಮಾರು 39 ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019–21ರ ಸಮೀಕ್ಷೆಯ ಹೊತ್ತಿಗೆ ಅದು ಸುಮಾರು 89ಕ್ಕೆ ಏರಿತು. ನಮ್ಮ ಕರ್ನಾಟಕದಲ್ಲಂತೂ 97.

ನೋಡಿ, ಹೆಣ್ಣುಮಕ್ಕಳು ಆಸ್ಪತ್ರೆಗೆ ಬಂದದ್ದಾಯಿತು. ಇನ್ನು ಅಲ್ಲಿ ಅವರನ್ನು ಬರಮಾಡಿಕೊಳ್ಳುವ ರೀತಿ ಸರಿಯಾಗಬೇಕಲ್ಲ? ಇದು ನಮ್ಮ ದೇಶದ್ದೊಂದೇ ಗೋಳಲ್ಲ. ಹೆರಿಗೆಯ ಹೊತ್ತಿನಲ್ಲಿ ಬೈಯುವುದು, ಹೊಡೆಯುವುದು, ಕೇಳದೆ ಮೈ ಮುಟ್ಟುವುದು ಲೋಕದ ಎಷ್ಟೋ ಕಡೆ ನಡೆಯುತ್ತಿದೆ, ಅದು ನಿಲ್ಲಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಹೇಳಿಕೆ ಕೊಟ್ಟಿತು. 2018ರಲ್ಲಿ ಅದು ಹೊರಡಿಸಿದ ಹೆರಿಗೆ ಆರೈಕೆಯ ಸೂಚನೆಗಳಲ್ಲಿ ಮೊದಲನೆಯದೇ ಗೌರವದಿಂದ ನೋಡಿಕೊಳ್ಳಬೇಕೆಂಬುದು. ನಮ್ಮ ಕೇಂದ್ರ ಸರ್ಕಾರವೂ 2017ರ ಡಿಸೆಂಬರಿನಲ್ಲಿ ‘ಲಕ್ಷ್ಯ’ ಎಂಬ ಕಾರ್ಯಕ್ರಮ ತಂದು, ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗಳನ್ನು ಸುಧಾರಿಸಲು ಹೊರಟಿತು. ತಾಯಿ ಮಗುವಿನ ಜೀವ ಉಳಿಸುವುದರ ಜೊತೆಗೆ ತಾಯಿಯ ಮಾನ ಉಳಿಸುವುದೂ ಅದರ ಉದ್ದೇಶದಲ್ಲಿ ಸೇರಿದೆ.

ಇಷ್ಟು ದೂರದ ಸಂಗತಿ ಎಸ್ಸೆಸ್ಸೆಲ್ಸಿವರೆಗೆ ಓದಿದ ನನ್ನಂಥವಳಿಗೆ ಹೇಗೆ ಗೊತ್ತಾಯಿತು ಅನ್ನುತ್ತೀರಾ? ನಮ್ಮ ನಾದಿನಿಯ ಮಗಳು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸು. ಹೆರಿಗೆ ಕೋಣೆಯಲ್ಲೇ ಅವಳ ಡ್ಯೂಟಿ. ಈ ವಿಷಯದ ಬಗ್ಗೆ ಅವಳಿಗೆ ಮೂರು ದಿನದ ತರಬೇತಿ ಆಯಿತು. ಬರುವಾಗ ಇಂಗ್ಲಿಷಿನ ಒಂದು ಪುಸ್ತಿಕೆ ಹಿಡಿದು ಬಂದಳು. ‘ಅತ್ತೀ, ಇದರಾಗಿನ ಮಾತು ನಮ್ಮ ಆಸ್ಪತ್ರಿಗೆ ಬರೋ ಹೆಣ್ಣಮಕ್ಕಳಿಗೆ ಹ್ಯಾಂಗ ಹೇಳೋದು? ನೀ ಕತಿ ಪುಸ್ತಕಾ ಓದಾಕಿ, ಒಂಚೂರು ಕೂಡು’ ಅಂದಳು. ನಾನು ಅವರೆಕಾಯಿ ಬಿಡಿಸುತ್ತಾ ಕೂತೆ, ಅವಳು ಒಂದೊಂದೇ ಸಾಲಿನ ಅರ್ಥ ಹೇಳುತ್ತಾ ಹೋದಳು. ಆ ಸಂಜೆ, ಆಮೇಲೆ ಇನ್ನೂ ನಾಲ್ಕೈದು ಸಂಜೆ ನಾವು ಮಾಡಿದ್ದು ಇದೇ ಕೆಲಸ.

ಮೊದಲನೇ ಸಾಲಿಗೇ ಎಡವಿದೆವು. ‘ನೀವು’ ಅನ್ನಬೇಕೋ ‘ನೀನು’ ಅನ್ನಬೇಕೋ? ಇಂಗ್ಲಿಷಿನಲ್ಲಿ ಆ ಚಿಂತೆಯೇ ಇಲ್ಲ, ರಾಣಿಗೂ ಅದೇ ಮಾತು, ಆಳಿಗೂ ಅದೇ ಮಾತು. ನಮ್ಮಲ್ಲಿ ಹಾಗಲ್ಲವಲ್ಲ. ಒಂದೇ ವಾರ್ಡಿನಲ್ಲಿ ಮೇಷ್ಟರ ಹೆಂಡತಿಗೆ ‘ಬನ್ನಿ, ಮಲಗಿ’, ಕೂಲಿಯವನ ಹೆಂಡತಿಗೆ ‘ಬಾ, ಮಲಗು’. ಹೆಣ್ಣಿಗೆ ತನ್ನ ಬೆಲೆ ಎಷ್ಟೆಂದು ಆ ಒಂದು ಅಕ್ಷರದಲ್ಲೇ ತಿಳಿದುಹೋಗುತ್ತದೆ. ಪುಸ್ತಿಕೆಯಲ್ಲಿ ಗೌರವದ ಬಗ್ಗೆ ಎರಡು ಪುಟ ಇದೆ, ಆದರೆ ಇದರ ಮಾತೇ ಇಲ್ಲ. ಇರುವುದಾದರೂ ಹೇಗೆ?

ಸರಿ, ಎಲ್ಲರಿಗೂ ‘ನೀವು’ ಅಂತ ಬರೆದುಬಿಡೋಣ ಅಂದೆ. ತುಮಕೂರಿನವಳು ನಾನು, ನನಗೆ ಅದೇ ಸರಿ ಅನ್ನಿಸಿತು. ಹುಡುಗಿ ನಕ್ಕಳು. ‘ಅತ್ತೀ, ಹಳ್ಳಿಂದ ಬಂದ ಹದಿನೆಂಟ್ ವರ್ಷದ ಹುಡುಗಿಗೆ ನಾ “ನೀವು” ಅಂದ್ರ ಆಕಿ ಇನ್ನಷ್ಟು ಹೆದರತಾಳ, ಏನೋ ದೊಡ್ಡ ಅನಾಹುತ ಆಗೇತಿ ಅಂತ. ಆಕಿಗೆ “ಯವ್ವಾ, ಹೆದರಬ್ಯಾಡ, ನಾ ಅದೀನಿ” ಅಂದ್ರ ಸಾಕು’ ಅಂದಳು. ನಿಜವೇ! ಹಾವೇರಿ ಕಡೆ ‘ಯವ್ವಾ’, ‘ತಂಗೀ’ ಎಂದು ಸೇರಿಸಿ ಏಕವಚನದಲ್ಲಿ ಕರೆದರೆ ಅದು ಕರುಳಿನ ಮಾತು. ಅದೇ ಏಕವಚನವನ್ನು ‘ಏ, ಇವಳೇ’ ಎಂದು ಆಡಿದರೆ ಅದು ಚಾಟಿ ಏಟು. ಕೊನೆಗೆ ಹೀಗೆ ಬರೆದೆವು: ಮೊದಲು ಹೆಸರು ಕೇಳಿ. ‘ಮನೆಯಲ್ಲಿ ನಿಮ್ಮನ್ನು ಏನಂತ ಕರೀತಾರೆ?’ ಎಂದು ಕೇಳಿ. ಹಾಗೇ ಕರೆಯಿರಿ. ‘ಮೂರನೇ ಬೆಡ್ಡು’ ಎಂದು ಮಾತ್ರ ಕರೆಯಬೇಡಿ. ಒಂದೇ ರಾಜ್ಯದೊಳಗೆ, ಒಂದೇ ಭಾಷೆಯೊಳಗೆ ಇಷ್ಟು ವ್ಯತ್ಯಾಸವಿದ್ದರೆ, ಇನ್ನು ಉರ್ದು ಮಾತಾಡುವವರು, ಲಂಬಾಣಿಯವರು, ತುಳುವರು, ಗಡಿಯ ಕಡೆ ತೆಲುಗು ಮರಾಠಿಯವರು – ಅವರ ಪಾಡೇನು ಯೋಚಿಸಿ.

ಎರಡನೆಯದು ಒಪ್ಪಿಗೆ ಕೇಳುವ ಮಾತು. ‘ನಾನು ನಿಮ್ಮನ್ನು ಪರೀಕ್ಷಿಸಬಹುದೇ?’ ಎಂದು ಇಂಗ್ಲಿಷಿನಿಂದ ನೇರ ಇಳಿಸಿದರೆ ಮಾರ್ಚ್ ತಿಂಗಳ ಪರೀಕ್ಷೆಯ ನೆನಪಾಗುತ್ತದೆ! ಅದೂ ಹೋಗಲಿ, ನಮ್ಮ ಹೆಣ್ಣುಮಕ್ಕಳು ಇಂಥ ಪ್ರಶ್ನೆಗೆ ಕೊಡುವ ಉತ್ತರ ಯಾವುದು ಗೊತ್ತೇ? ‘ನೀವು ಹೆಂಗೆ ಹೇಳ್ತೀರೋ ಹಂಗೆ.’ ಅಪ್ಪ ಹೇಳಿದ ಹಾಗೆ, ಗಂಡ ಹೇಳಿದ ಹಾಗೆ, ಅತ್ತೆ ಹೇಳಿದ ಹಾಗೆ, ಈಗ ನರ್ಸಮ್ಮ ಹೇಳಿದ ಹಾಗೆ. ಬೇಕು ಬೇಡ ಅಂದು ಅಭ್ಯಾಸವೇ ಇಲ್ಲದವಳಿಗೆ ಬೇನೆಯ ನಡುವೆ ‘ನಿಮ್ಮ ಸಮ್ಮತಿ ಏನು?’ ಎಂದರೆ ಏನು ಹೇಳಿಯಾಳು? ಅವಳು ತಲೆಯಾಡಿಸಿದ್ದನ್ನು ಒಪ್ಪಿಗೆ ಎಂದು ಬರೆದುಕೊಳ್ಳುವುದು ಸುಲಭ.

ಅದಕ್ಕೆ ನಾವು ಹೀಗೆ ಮಾಡಿದೆವು. ಮೊದಲು ಮಾಡುವ ಕೆಲಸ ಹೇಳುವುದು, ಆಮೇಲೆ ಕೇಳುವುದು: ‘ತಾಯೀ, ಗರ್ಭದ ಬಾಯಿ ಎಷ್ಟು ತೆರೆದಿದೆ ನೋಡಬೇಕು. ಸ್ವಲ್ಪ ನೋವಾಗುತ್ತೆ. ಈ ಬೇನೆ ಹೋದಮೇಲೆ ನೋಡ್ತೀನಿ. ತಡೆಯೋಕಾಗದಿದ್ರೆ ನನ್ನ ಕೈ ಹಿಡಿ, ನಿಲ್ಲಿಸ್ತೀನಿ.’ ನೋಡಿಯಾದ ಮೇಲೆ, ‘ಇಷ್ಟು ತೆರೆದಿದೆ, ಇನ್ನಿಷ್ಟು ಆಗಬೇಕು’ ಎಂದು ಹೇಳುವುದು. ಆಯ್ಕೆ ಕೇಳುವಾಗಲೂ ಅಷ್ಟೇ. ‘ನಿಮಗೆ ಯಾವ ಭಂಗಿ ಇಷ್ಟ?’ ಎಂದು ಕೇಳಿದರೆ ಮೌನವೇ ಉತ್ತರ. ‘ಎಡ ಮಗ್ಗುಲಿಗೆ ಮಲಗ್ತೀರಾ, ಇಲ್ಲಾ ಸ್ವಲ್ಪ ಓಡಾಡ್ತೀರಾ?’ ಎಂದು ಎರಡು ದಾರಿ ತೋರಿಸಿ ಕೇಳಿದರೆ ಯಾರಾದರೂ ಒಂದನ್ನು ಹೇಳಿಯೇ ಹೇಳುತ್ತಾರೆ. ‘ಕಾಫಿ ಬೇಕಾ, ಮಜ್ಜಿಗೆ ಬೇಕಾ?’ ಎಂದು ನಾವು ಸಂಕೋಚದ ನೆಂಟರನ್ನು ಕೇಳುವುದಿಲ್ಲವೇ, ಹಾಗೆ.

ಪುಸ್ತಿಕೆಯಲ್ಲಿ ಇಲ್ಲದ ಎರಡು ಮಾತನ್ನು ನಾವೇ ಸೇರಿಸಿದೆವು. ಒಂದು, ಕರಿಮಣಿ, ಬಳೆ, ಕಾಲುಂಗುರ ತೆಗೆಸುವಾಗ ಕೈಹಾಕಿ ಎಳೆಯಬಾರದು. ಯಾಕೆ ತೆಗೆಯಬೇಕು ಎಂದು ಹೇಳಿ, ಜೊತೆಗೆ ಬಂದವರ ಕೈಯಲ್ಲೇ ತೆಗೆಸಬೇಕು. ಬೇನೆ ತಿನ್ನುತ್ತಿರುವವಳಿಗೆ ಯಾರೋ ಬಂದು ಕೊರಳಿಗೆ ಕೈಹಾಕಿದರೆ ಅಪಶಕುನವೆಂದು ಎದೆ ಒಡೆದುಹೋಗುತ್ತದೆ. ಬೇರೆ ದೇಶದವರಿಗೆ ಇದು ಹೊಳೆಯುವ ಮಾತಲ್ಲ. ಇನ್ನೊಂದು, ಹೆಣ್ಣು ಹುಟ್ಟಿದಾಗ ದನಿ ಇಳಿಸಬಾರದು. ‘ಹೆಣ್ಣು’ ಎಂದು ಮೆಲ್ಲಗೆ ಹೇಳಿ ಮುಖ ತಿರುಗಿಸುವ ಆ ಒಂದು ಕ್ಷಣ ತಾಯಿಗೆ ಎಷ್ಟು ಚುಚ್ಚುತ್ತದೆಂದು ನನಗೆ ಗೊತ್ತು, ನಿಮಗೂ ಗೊತ್ತು. ಗಂಡಾದರೆ ಯಾವ ದನಿಯೋ ಹೆಣ್ಣಾದರೂ ಅದೇ ದನಿ.

ಹೀಗೆ ನಾವಿಬ್ಬರೂ ಪದ ಹುಡುಕುತ್ತಿದ್ದಾಗ ನಮ್ಮ ಹುಡುಗಿ ತರಬೇತಿಯಲ್ಲಿ ಕೇಳಿದ ಇನ್ನೊಂದು ಸಂಗತಿ ಹೇಳಿದಳು. ನನಗದು ಬಹಳ ಹಿಡಿಸಿತು. ಮೆಕ್ಸಿಕೋ ದೇಶದಲ್ಲಿ ‘ಪ್ರೊಂಟೊ’ ಎಂಬ ತರಬೇತಿ ಶುರುಮಾಡಿದರಂತೆ. ಹೆರಿಗೆ ಮಾಡಿಸುವುದನ್ನು ಕಲಿಸಲು ಎಲ್ಲೆಡೆ ಪ್ಲಾಸ್ಟಿಕ್ ಬೊಂಬೆ ಇಡುತ್ತಾರಲ್ಲ, ಇವರು ಹಾಗೆ ಮಾಡಲಿಲ್ಲ. ಆಪರೇಷನ್ ಥಿಯೇಟರಿನಲ್ಲಿ ಹಾಕುವ ಸಡಿಲ ಪೈಜಾಮವನ್ನೇ ಕತ್ತರಿಸಿ ಹೊಲಿದು, ಅದರೊಳಗಿಂದ ಬೊಂಬೆ ಮಗು ಹೊರಗೆ ಬರುವಂತೆ, ಕೆಂಪು ನೀರು ಸುರಿಯುವಂತೆ ಮಾಡಿದರು. ಅದಕ್ಕೆ ‘ಪಾರ್ಟೋಪ್ಯಾಂಟ್ಸ್’ ಎಂದು ಹೆಸರು. ಪಾರ್ಟೊ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಹೆರಿಗೆ. ಅದನ್ನು ಒಬ್ಬ ಹೆಂಗಸು ತೊಟ್ಟುಕೊಂಡು ಬಸುರಿಯ ಪಾತ್ರ ಮಾಡುತ್ತಾಳೆ. ಹೊಲಿಗೆ ಬಲ್ಲ ನಮ್ಮಂಥವರಿಗೆ ಒಂದು ಮಧ್ಯಾಹ್ನದ ಕೆಲಸ! ಆದರೆ ಅದರ ಗುಟ್ಟು ನೋಡಿ: ಬೊಂಬೆಗೆ ಬೈದರೆ ಬೊಂಬೆ ಅಳುವುದಿಲ್ಲ. ಜೀವಂತ ಹೆಂಗಸಾದರೆ ಆಟ ಮುಗಿದಮೇಲೆ ‘ನೀನು ನನಗೆ ಏನೂ ಹೇಳದೆ ಮುಟ್ಟಿದೆ, ನನಗೆ ಭಯವಾಯ್ತು’ ಎಂದು ಬಾಯಿಬಿಟ್ಟು ಹೇಳುತ್ತಾಳೆ. ರಕ್ತ ನಿಲ್ಲಿಸುವ ವಿದ್ಯೆಯನ್ನೂ ಮಾತಾಡಿಸುವ ವಿದ್ಯೆಯನ್ನೂ ಒಟ್ಟಿಗೇ ಕಲಿಸಿದ ಹಾಗಾಯಿತು.

ಆ ತರಬೇತಿ ಗ್ವಾಟೆಮಾಲಾ, ಕೀನ್ಯಾ, ನಮ್ಮ ಬಿಹಾರ ಹೀಗೆ ಊರೂರು ಸುತ್ತಿ, ಆಫ್ರಿಕಾದ ಘಾನಾ ದೇಶದ ಉತ್ತರ ಭಾಗದ ಈಸ್ಟ್ ಮಾಂಪ್ರುಸಿ ಎಂಬ ಜಿಲ್ಲೆಗೂ ಹೋಯಿತು. ಅಲ್ಲಿ ತರಬೇತಿಗೆ ಮುಂಚೆ ಒಂದಷ್ಟು ಬಾಣಂತಿಯರನ್ನು, ತರಬೇತಿಯಾದ ಮೇಲೆ ಒಂದಷ್ಟು ಬಾಣಂತಿಯರನ್ನು ‘ನಿಮ್ಮನ್ನು ಹೇಗೆ ನೋಡಿಕೊಂಡರು?’ ಎಂದು ಕೇಳಿದರು. ನೂರಕ್ಕೆ ಲೆಕ್ಕ ಹಾಕಿದರೆ ಮೊದಲು 50 ಅಂಕ ಇದ್ದದ್ದು ಆಮೇಲೆ 72 ಆಯಿತು. 2019ರಲ್ಲಿ ಇದು ಪ್ರಕಟವಾಗಿದೆ. ಎಲ್ಲಕ್ಕಿಂತ ಹೆಚ್ಚು ಸುಧಾರಿಸಿದ್ದು ಯಾವುದು ಅಂತೀರಿ? ತಿಳಿಸಿ ಹೇಳುವುದು, ಅವರ ಇಷ್ಟ ಕೇಳುವುದು. ಅದು ಶೇಕಡಾ 87ರಷ್ಟು ಏರಿತು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಮೆಷಿನ್ನೂ ಬೇಕಿಲ್ಲ. ಬಾಯಿ ತೆರೆದು ಎರಡು ಮಾತು ಹೇಳಬೇಕು, ಅಷ್ಟೆ.

ಹೀಗೆ ಅಂಕ ಹಾಕುವ ಪ್ರಶ್ನೆಗಳಿಗೂ ಒಂದು ಕತೆಯಿದೆ. ಘಾನಾ ಮೂಲದ ಪೇಷನ್ಸ್ ಅಫುಲಾನಿ ಎಂಬ ಸಂಶೋಧಕಿ ಮತ್ತು ಸಂಗಡಿಗರು ಕೀನ್ಯಾದಲ್ಲಿ ಬಾಣಂತಿಯರಿಗೆ ಕೇಳುವ 30 ಪ್ರಶ್ನೆಗಳನ್ನು ಸಿದ್ಧಪಡಿಸಿ 2017ರಲ್ಲಿ ಪ್ರಕಟಿಸಿದರು. ನಿಮ್ಮನ್ನು ಹೆಸರು ಹಿಡಿದು ಕರೆದರೇ, ತಮ್ಮ ಪರಿಚಯ ಹೇಳಿಕೊಂಡರೇ, ಮುಟ್ಟುವ ಮುಂಚೆ ಕೇಳಿದರೇ, ಜೊತೆಗೆ ಒಬ್ಬರನ್ನು ಬಿಟ್ಟರೇ – ಇಂಥವು. ಅದನ್ನು ನಮ್ಮ ದೇಶಕ್ಕೆ ತರುವಾಗ ಹಾಗೇ ಹಿಂದಿಗೆ ಇಳಿಸಿ ಬಿಡಲಿಲ್ಲ. ಉತ್ತರ ಪ್ರದೇಶದ ತಾಯಂದಿರ ಹತ್ತಿರ ಕೇಳಿ ನೋಡಿ, ಇಲ್ಲಿಗೆ ಹೊಂದದ್ದನ್ನು ಬಿಟ್ಟು, 27 ಪ್ರಶ್ನೆ ಉಳಿಸಿಕೊಂಡರು. ಪಕ್ಕದ ಮನೆಯವರು ಹೇಳಿದ ಬಿಸಿಬೇಳೆ ಭಾತನ್ನು ನಮ್ಮ ಮನೆಯ ಖಾರಕ್ಕೆ ತಕ್ಕಂತೆ ಬದಲಾಯಿಸಿಕೊಳ್ಳುವುದಿಲ್ಲವೇ? ಹಾಗೆ. ಖಾರ ಹೆಚ್ಚುಕಡಿಮೆ ಮಾಡಬಹುದು, ಬೇಳೆಯನ್ನೇ ಬಿಟ್ಟರೆ ಆಗದು. ಹೆಣ್ಣಿನ ಮಾನ ಅನ್ನುವುದು ಈ ಅಡುಗೆಯ ಬೇಳೆ. ‘ನಮ್ಮ ಕಡೆ ಬೈದೇ ಹೆರಿಗೆ ಮಾಡಿಸೋದು, ನಮ್ಮ ಹೆಂಗಸರಿಗೆ ಅದೇ ಸರಿ’ ಅನ್ನುವವರೂ ಇದ್ದಾರೆ. ಅದು ನಮ್ಮ ಸಂಸ್ಕೃತಿ ಅಲ್ಲ ಸೋದರಿಯರೇ. ನರಸಮ್ಮನಂಥ ತಾಯಂದಿರು ಹುಟ್ಟಿದ ನೆಲ ಇದು.

ಇಷ್ಟು ಹೇಳಿ ನರ್ಸುಗಳ ಕಷ್ಟ ಹೇಳದಿದ್ದರೆ ಅನ್ಯಾಯವಾದೀತು. ಒಂದು ಸಂಜೆ ನಮ್ಮ ಹುಡುಗಿ ಪುಸ್ತಿಕೆ ಮಡಿಸಿಟ್ಟು ಸುಮ್ಮನೆ ಕೂತಳು. ‘ಅತ್ತೀ, ಎಲ್ಲಾ ಖರೇ. ರಾತ್ರಿ ಪಾಳಿಗೆ ನಾ ಒಬ್ಬಾಕಿ, ಬ್ಯಾನಿ ತಿನ್ನೋರು ಐದು ಮಂದಿ. ಊಟದ ಡಬ್ಬಿ ಬೆಳಗ್ಗೆ ಹಂಗೇ ಮನಿಗೆ ಒಯ್ದೀನಿ ಎಷ್ಟೋ ಸಲ. ಹೊರಗ ಮಂದಿ ಬಾಗಲಾ ಬಡೀತಾರ. ನನ್ನ ಹೆಸರು ಏನಂತ ಯಾರರ ಕೇಳ್ಯಾರೇನು?’ ಅಂದಳು. ನನ್ನ ಬಳಿ ಉತ್ತರವಿರಲಿಲ್ಲ. ಹೊಟ್ಟೆ ಹಸಿದವಳ ಬಾಯಲ್ಲಿ ಸಿಹಿ ಮಾತು ಬರುವುದು ಕಷ್ಟ. ಇದನ್ನು ಅರಿತೇ ಕೀನ್ಯಾದ ಮಿಗೋರಿ ಎಂಬಲ್ಲಿ ಅದೇ ಅಫುಲಾನಿಯವರ ತಂಡ, ಆರೈಕೆ ಮಾಡುವವರಿಗೇ ಆರೈಕೆ ಎಂಬ ಇನ್ನೊಂದು ತರಬೇತಿ ನಡೆಸಿತು. ದಾದಿಯರ ದಣಿವು, ಮನಸ್ಸಿನ ಒತ್ತಡ, ಬಡವರೆಂದರೆ ತಮಗೇ ತಿಳಿಯದೆ ಬರುವ ತಾತ್ಸಾರ – ಇವನ್ನು ಕೂತು ಮಾತಾಡಿ ಹಗುರ ಮಾಡಿಕೊಳ್ಳುವುದು ಅದರ ಉದ್ದೇಶ. ತರಬೇತಿಯ ಜೊತೆಗೆ ಸಾಕಷ್ಟು ಜನರನ್ನೂ ಕೊಟ್ಟರೆ ಮಾತ್ರ ಕಲಿತದ್ದು ಕೈಗೆ ಬರುತ್ತದೆ. ಇದು ಮೇಲಿರುವವರು ಗಮನಿಸಬೇಕಾದ ಮಾತು.

ಮತ್ತೆ ನಾವು, ಮನೆಯಲ್ಲಿರುವವರು, ಏನು ಮಾಡಬಹುದು? ಬೇಕಾದಷ್ಟಿದೆ.

ಮೊದಲನೆಯದು, ಹೆರಿಗೆಗೆ ಜೊತೆ ಹೋಗುವುದು. 2016ರಲ್ಲೇ ಕೇಂದ್ರ ಆರೋಗ್ಯ ಇಲಾಖೆ, ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯೊಳಗೆ ಬಸುರಿಯ ಜೊತೆ ಒಬ್ಬ ಸಂಗಾತಿ ಇರಬಹುದೆಂದು ಸೂಚನೆ ಕೊಟ್ಟಿದೆ. ಬೇರೆ ದೇಶಗಳಲ್ಲಿ ಹೆಚ್ಚಾಗಿ ಗಂಡನೇ ಒಳಗೆ ಇರುತ್ತಾನೆ. ನಮ್ಮಲ್ಲಿ ಒಂದೇ ಕೋಣೆಯಲ್ಲಿ ಮೂರ‍್ನಾಲ್ಕು ಹೆಂಗಸರಿರುವುದರಿಂದ, ಹೆಣ್ಣು ನೆಂಟರೇ ಇರಬೇಕು, ಸ್ವತಃ ಹೆತ್ತ ಅನುಭವ ಇದ್ದವರಾದರೆ ಒಳ್ಳೆಯದು ಎಂದಿದ್ದಾರೆ. ಮರೆ ಇರುವ ಕಡೆ ಗಂಡನನ್ನೂ ಬಿಡಬಹುದು. ಜೊತೆಗಿರುವವರಿಗೆ ಅಂಟುರೋಗ ಇರಬಾರದು, ಬಟ್ಟೆ ಶುಚಿಯಾಗಿರಬೇಕು, ಕೊನೆಯವರೆಗೂ ಜೊತೆ ಬಿಡಬಾರದು, ಡಾಕ್ಟರು ನರ್ಸುಗಳ ಕೆಲಸಕ್ಕೆ ಅಡ್ಡ ಬರಬಾರದು, ಪಕ್ಕದವರ ಹತ್ತಿರ ಹೋಗಿ ಉಪದೇಶ ಮಾಡಬಾರದು. ಇಷ್ಟೇ ನಿಯಮ.

ಸುಮ್ಮನೆ ಕೂತರೆ ಏನು ಪ್ರಯೋಜನ ಅನ್ನಬೇಡಿ. 17 ದೇಶಗಳ 15,000ಕ್ಕೂ ಹೆಚ್ಚು ಹೆಂಗಸರ ಅನುಭವ ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ, ಹೆರಿಗೆಯುದ್ದಕ್ಕೂ ಜೊತೆಗೊಬ್ಬರು ಇದ್ದವರಿಗೆ ಸಿಸೇರಿಯನ್ ಕಡಿಮೆಯಾಗಿ, ಬೇನೆಯ ಹೊತ್ತೂ ಸ್ವಲ್ಪ ಕಡಿಮೆಯಾದದ್ದು ಕಂಡುಬಂದಿದೆ. ಬೆನ್ನು ನೀವುವ ಕೈಗೆ ಇಷ್ಟು ಶಕ್ತಿ ಇದೆಯೆಂದು ನಮ್ಮ ಅಜ್ಜಿಯರಿಗೆ ಯಾರೂ ಲೆಕ್ಕ ತೋರಿಸಬೇಕಾಗಿರಲಿಲ್ಲ.

ಎರಡನೆಯದು, ಏಳನೇ ತಿಂಗಳಲ್ಲೇ ಆಸ್ಪತ್ರೆಗೆ ಹೋದಾಗ ಕೇಳಿಡುವುದು. ಜೊತೆಗೆ ಒಬ್ಬರನ್ನು ಬಿಡುತ್ತೀರಾ? ಪರದೆ ಇದೆಯಾ? ಆಶಾ ಕಾರ್ಯಕರ್ತೆಯ ಎದುರಿನಲ್ಲೇ ಕೇಳಿ. ಜಗಳದ ದನಿ ಬೇಡ, ತಿಳಿದುಕೊಳ್ಳುವ ದನಿ ಸಾಕು. ತಾಯಿ ಕಾರ್ಡು, ಹಳೇ ಮೆತ್ತನೆಯ ಸೀರೆ, ಕೂಸಿನ ಬಟ್ಟೆ ಚೀಲಕ್ಕೆ ಹಾಕುವ ದಿನವೇ ಗಾಜಿನ ಬಳೆ, ಒಡವೆ ಮನೆಯಲ್ಲೇ ತೆಗೆದಿಟ್ಟುಬಿಡಿ. ಗಂಡನ ಹೆಸರು ಹೇಳಲು ಸಂಕೋಚಪಡುವ ಹುಡುಗಿಯಾದರೆ ಜೊತೆಗೆ ಹೋದವರೇ ಬರೆಸಿ.

ಮೂರನೆಯದು, ನಿಮ್ಮ ಮಗಳಿಗೋ ಸೊಸೆಗೋ ನಾಲ್ಕು ಮಾತು ಬಾಯಿಪಾಠ ಮಾಡಿಸಿ. ‘ಸಿಸ್ಟರ್, ಈಗ ಏನು ಮಾಡ್ತೀರಿ?’ ‘ಇದು ಯಾಕೆ?’ ‘ಒಂದು ನಿಮಿಷ ತಡೀರಿ.’ ‘ನನಗೆ ಭಯ ಆಗ್ತಿದೆ.’ ಇಷ್ಟನ್ನು ಹೇಳಲು ಬಂದರೆ ಸಾಕು. ನಮ್ಮ ಮಗಳು ಮೊದಲ ದಿನ ನಕ್ಕಳು, ಎರಡನೇ ದಿನ ನಾಚಿದಳು, ಈಗ ಅಳಿಯನ ಹತ್ತಿರವೂ ಧಾರಾಳವಾಗಿ ಪ್ರಯೋಗ ಮಾಡುತ್ತಿದ್ದಾಳೆ!

ನಾಲ್ಕನೆಯದು, ಒಳಗೆ ಹೋದ ಕೂಡಲೇ ನರ್ಸಿನ ಹೆಸರು ಕೇಳಿ. ‘ಏ ಸಿಸ್ಟರ್’ ಅನ್ನದೆ ಹೆಸರು ಹಿಡಿದು, ಅಕ್ಕನೋ ತಂಗಿಯೋ ಸೇರಿಸಿ ಕರೆಯಿರಿ. ‘ನಿಮ್ಮ ಊಟ ಆಯ್ತಾ?’ ಎಂದು ಒಂದು ಮಾತು ಕೇಳಿ. ಗಂಡಾದರೆ ‘ಖುಷಿಗೆ’ ಎಂದು ನೋಟು ತುರುಕುವ ಪದ್ಧತಿ ಬಿಡಿ, ಅದು ಮುಂದೆ ಬರುವ ಬಡವಳಿಗೆ ಬರೆಯಾಗುತ್ತದೆ. ಚೆನ್ನಾಗಿ ನೋಡಿಕೊಂಡಿದ್ದರೆ ದೊಡ್ಡ ಡಾಕ್ಟರ ಎದುರಿಗೆ ಅವಳ ಹೆಸರು ಹೇಳಿ ಹೊಗಳಿ ಬನ್ನಿ. ನೋಯಿಸಿದ್ದರೆ ಅದನ್ನೂ ಶಾಂತವಾಗಿ ಹೇಳಿ ಬನ್ನಿ. ತಾಯಿ ಮಗು ಕ್ಷೇಮ ಎಂಬ ಒಂದೇ ಕಾರಣಕ್ಕೆ ನುಂಗಿಕೊಂಡು ಬರಬೇಡಿ. ನಾವು ನುಂಗಿದ್ದನ್ನೇ ನಮ್ಮ ಮಕ್ಕಳೂ ನುಂಗಬೇಕಾಗುತ್ತದೆ.

ನಾವು ಕನ್ನಡದಲ್ಲಿ ಬರೆದುಕೊಟ್ಟ ಆ ಎರಡು ಹಾಳೆಯನ್ನು ನಮ್ಮ ಹುಡುಗಿ ತನ್ನ ಸಂಗಡಿಗರಿಗೆ ಓದಿ ಹೇಳಿದ್ದಾಳೆ. ಒಬ್ಬಾಕೆ, ‘ಇದೇನು ಹೊಸದು, ನಮ್ಮವ್ವ ಹಿಂಗೇ ಮಾತಾಡ್ತಿದ್ಲು’ ಅಂದಳಂತೆ. ಇನ್ನೊಬ್ಬಾಕೆ ಉರ್ದುವಿನಲ್ಲಿ ಬರೆದುಕೊಳ್ಳುತ್ತೇನೆಂದು ಹಾಳೆ ಮನೆಗೆ ಒಯ್ದಿದ್ದಾಳೆ.

ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ ಇವತ್ತೇ ರಾತ್ರಿ ಪಾತ್ರೆ ತೊಳೆದಾದ ಮೇಲೆ ಅವಳ ಪಕ್ಕ ಕೂತು, ಒಳಗೆ ಏನೇನು ನಡೆಯುತ್ತದೆಂದು ಬಿಡಿಸಿ ಹೇಳಿ. ಹೆದರಿಸಲು ಅಲ್ಲ, ಸಜ್ಜು ಮಾಡಲು. ‘ನಾನು ಜೊತೆಗಿರ್ತೀನಿ’ ಎಂದು ಕೊನೆಯಲ್ಲಿ ಒಂದು ಮಾತು ಸೇರಿಸಿ. ಅದಕ್ಕಿಂತ ದೊಡ್ಡ ಬಯಕೆಯ ಊಟ ಯಾವುದೂ ಇಲ್ಲ.